ಮಾತಾಡಬಾರದ ಜಾಗ

ಗಂಟಲು ಕಟ್ಟಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ಚಲಪತಿಗೆ ಅನ್ನಿಸಿದ್ದು ಬಸ್ಸು ಮಂಚೇನಹಳ್ಳಿ ದಾಟಿದ ಮೇಲೆ. ಶಿಡ್ಲಘಟ್ಟದಲ್ಲಿ ಬೆಳಗಿನ ಮೊದಲ ಬಸ್ಸು ಹತ್ತುವಾಗ ಮೂಗು ಕಟ್ಟಿತ್ತು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವಾಗ ಮೇಲಿಂದ ಮೇಲೆ ಎರಡು ಸೀನು ಬಂದವು, ಇನ್ನೇನು ದನಿ ಹೋಗಿಬಿಡುತ್ತೆ ಅಂತ ಒಳಗೊಳಗೇ ಒಂದು ಆಸೆ ಹುಟ್ಟಿತ್ತು. ಆದರೆ ನಗರಗೆರೆ ಕಡೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕಂಡಕ್ಟರನ್ನು ಕೇಳಿದ್ದೇ ತಡ, ಮಾತು ತಟ್ಟೆ ಬಾರಿಸಿದ ಹಾಗೆ ಡ್ರೈವರಿನವರೆಗೂ ಹೋಗಿ, ಮುಂದಿನ ಸೀಟಿನಲ್ಲಿ ಅಮ್ಮನ ಮಡಿಲಲ್ಲಿ ಮಲಗಿದ್ದ ಕೂಸು ಬೆಚ್ಚಿ ಎದ್ದು ಅಳೋದಕ್ಕೆ ಶುರುಮಾಡಿತು. ಆ ತಾಯಿ ತಿರುಗಿ ನೋಡಿದಳು. ಐವತ್ತಾರು ವರ್ಷದ, ನೀಟಾಗಿ ಶರಟು ಇನ್‌ ಮಾಡಿಕೊಂಡ, ತೊಡೆಯ ಮೇಲೆ ಚೀಲ ಇಟ್ಟುಕೊಂಡ ಮನುಷ್ಯನ ಒಳಗೆ ಇಷ್ಟು ದೊಡ್ಡ ಶಬ್ದ ಎಲ್ಲಿತ್ತು ಅಂತ ಅವಳಿಗೆ ಆಶ್ಚರ್ಯ ಆಗಿರಬೇಕು. ಚಲಪತಿ ಕಿಟಕಿ ಕಡೆ ಮುಖ ತಿರುಗಿಸಿಕೊಂಡ. ದನಿ ಎಲ್ಲೂ ಹೋಗಿರಲಿಲ್ಲ. ಇವತ್ತು ಮಾತ್ರ ಅದು ಇರಬಾರದಾಗಿತ್ತು.

ಆ ದನಿಯಿಂದಲೇ ಅವನು ಇಪ್ಪತ್ತೆರಡು ವರ್ಷ ಅನ್ನ ತಿಂದವನು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಕೆಲಸ. ಹಳದಿ, ಬಿಳಿ ಗೂಡು ತುಂಬಿದ ಜಾಲರಿಗಳ ಸಾಲು, ಗೂಡು ಕೊಂಡು ನೂಲು ತೆಗೆಯೋದಕ್ಕೆ ಹಿಂದೆ ಮುಂದೆ ನೂಕಾಡುವ ರೀಲರುಗಳು, ಗೂಡನ್ನ ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುವವರು, ಎದೆ ಡವಗುಟ್ಟಿಸಿಕೊಂಡು ಪಕ್ಕದಲ್ಲಿ ನಿಂತ ಬೆಳೆಗಾರ, ಇಷ್ಟರ ನಡುವೆ ಚಲಪತಿ ಹೊಟ್ಟೆಯಿಂದ ದನಿ ಎತ್ತಿದರೆ ತಗಡಿನ ಚಾವಣಿಯಲ್ಲಿದ್ದ ಪಾರಿವಾಳ ಎಲ್ಲ ಹಾರುತ್ತಿದ್ದವು. ಬಸ್‌ಸ್ಟಾಂಡಿನಲ್ಲಿ ಕಾಫಿ ಕುಡೀತಾ ಕೂತ ರೀಲರು, 'ಚಲಪತಿ ಶುರುಮಾಡಿದ' ಅಂತ ಲೋಟ ಇಟ್ಟು ಎದ್ದು ಬರುತ್ತಿದ್ದ. ಆಮೇಲೆ ಹರಾಜು ಫೋನಿಗೆ ಬಂತು. ಗೋಡೆ ಮೇಲೆ ಒಂದು ಪರದೆ. ರೀಲರುಗಳು ತಲೆ ತಗ್ಗಿಸಿಕೊಂಡು ಬೆರಳಲ್ಲಿ ಒತ್ತುತ್ತಾರೆ, ಮುಗಿಯಿತು. ಮೋಸ ಕಡಮೆ ಆಯಿತು ಅಂತ ಎಲ್ಲರೂ ಅಂದರು, ಚಲಪತಿಯೂ ಅಂದ, ಅದು ನಿಜವೂ ಆಗಿತ್ತು. ಆದರೆ ಮೊದಲನೇ ದಿನ ಅವನು ಅಭ್ಯಾಸಬಲದಿಂದ ಜಾಲರಿ ಮುಂದೆ ನಿಂತು ಬಾಯಿ ತೆಗೆದುಬಿಟ್ಟಿದ್ದ. ಹೊಸದಾಗಿ ಬಂದ ಅಧಿಕಾರಿ, ಒಳ್ಳೆಯ ಹುಡುಗ, ಹತ್ತಿರ ಬಂದು ಮೆತ್ತಗೆ, ಅಂಕಲ್ ಇನ್ಮೇಲೆ ನೀವು ಕೂಗೋದು ಬೇಡ, ಎಲ್ಲ ಮೇಲೆ ಬರುತ್ತೆ, ಅಂದಿದ್ದ. ಆ ಮೆತ್ತಗಿನ ಮಾತು ನಾಲ್ಕು ಜನಕ್ಕೆ ಕೇಳಿಸಿತ್ತು. ಸುನೀಲ್‌ಕುಮಾರ್ ಅನ್ನೋ ರೀಲರು, ವರ್ಷಗಟ್ಟಲೆ ಚಲಪತಿಯ ಕೂಗಿಗೆ ಬೆರಳೆತ್ತಿದವನು, 'ಏನ್ ಚಲಪತಣ್ಣ, ಬಾಯಿಗೆ ಬೀಗ ಹಾಕ್ಬಿಟ್ರಾ?' ಅಂದ. ಚಲಪತಿ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಅವನನ್ನ ಒಂದು ಮೇಜಿನ ಹಿಂದೆ ಚೀಟಿ ಬರೆಯೋದಕ್ಕೆ ಕೂರಿಸಿದರು. ಬರೆಯುವಾಗ ತುಟಿ ಅಲ್ಲಾಡುತ್ತಿದೆ ಅಂತ ಅವನಿಗೆ ಗೊತ್ತಾದದ್ದು ಬಹಳ ದಿನದ ಮೇಲೆ, ಯಾರೋ ಅದನ್ನ ಫೋನಿನಲ್ಲಿ ತೆಗೆದು ತೋರಿಸಿದಾಗ.

ಮನೆಯಲ್ಲಿ ಮಾತಿಗೇನೂ ಬರ ಇರಲಿಲ್ಲ. ಹೆಂಡತಿ ಪದ್ಮಶ್ರೀ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಮೈಸೂರು ಕಡೆಯವಳು, ಸಂಜೆ ಬಂದರೆ ಸ್ಟಾಫ್‌ರೂಮನ್ನೇ ಮನೆಗೆ ಹೊತ್ತು ತರುತ್ತಿದ್ದಳು. ಅವಳು ಹೇಳುತ್ತಿದ್ದಳು, ಅವನು ಕೇಳುತ್ತಿದ್ದ. ಚಲಪತಿ ಹುಟ್ಟಿ ಬೆಳೆದದ್ದು ಚಿಂತಾಮಣಿಯಲ್ಲಿ, ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಅವನ ಅಮ್ಮ ಜಾನಕಮ್ಮ ಏಳು ವರ್ಷದ ಹಿಂದೆ ಹೋದಮೇಲೆ ಆ ಒಳಗಿನ ಮಾತು ಆಡೋದಕ್ಕೆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಪದ್ಮಶ್ರೀಗೆ ತೆಲುಗು ಅರ್ಥ ಆಗುತ್ತಿತ್ತು, ಆಡಿದರೆ ನಗು ಬರುತ್ತಿತ್ತು. ತೋಳಗಳ ವಿಷಯ ಮನೆಗೆ ತಂದವಳೂ ಅವಳೇ. ಗೌರಿಬಿದನೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದ ನರೇಂದ್ರ ಅನ್ನುವವರು ಅವಳ ಸ್ಕೂಲಿಗೆ ಬಂದು, ನಗರಗೆರೆ ಆಚೆ ಕುರುಚಲು ಕಾಡಿನಂಚಿನಲ್ಲಿ ತಾವು ನಡೆಸುವ ತೋಳಧಾಮದ ಬಗ್ಗೆ ಮಾತಾಡಿ, ಭಾನುವಾರದ ಕೆಲಸಕ್ಕೆ ಸ್ವಯಂಸೇವಕರು ಬೇಕು, ಸಂಬಳ ಇಲ್ಲ, ಒಂದೇ ಷರತ್ತು, ಬಾಯಿ ಬಿಡಬಾರದು, ಅಂದಿದ್ದರಂತೆ. ಅವಳು ಅದನ್ನ ತಮಾಷೆಗೆ ಹೇಳಿದಳು. ಚಲಪತಿ ವಾರದ ರಜೆಯನ್ನ ಭಾನುವಾರಕ್ಕೆ ಹಾಕಿಸಿಕೊಂಡು ಹೊರಟೇಬಿಟ್ಟ. ಅಷ್ಟು ದೂರ ಹೋಗಿ ಸುಮ್ಮನೆ ಕೂತು ಬರ್ತೀರಾ, ಅದನ್ನ ಇಲ್ಲೇ ಸೋಫಾ ಮೇಲೆ ಮಾಡ್ತಿದ್ದೀರಲ್ಲ, ಅಂತ ಅವಳು ಈಗಲೂ ಕೆಣಕುತ್ತಾಳೆ. ಅಲ್ಲಿ ಹೋಗಿ ತಾನು ಮಾಡೋದು ಸುಮ್ಮನಿರೋದಲ್ಲ ಅಂತ ಹೇಗೆ ಹೇಳೋದು?

ಧಾಮದ ಬಾಗಿಲಲ್ಲೇ ಹಸಿರು ಬೋರ್ಡು. ಮರಿಗಳಿಗೆ ನಿಮ್ಮ ಮುಖ ಕಾಣಬಾರದು, ವಾಸನೆ ತಿಳಿಯಬಾರದು, ದನಿ ಕೇಳಬಾರದು. ಮನುಷ್ಯರ ಪರಿಚಯ ಆದ ತೋಳ ಕಾಡಿಗೆ ಹೋಗಲಾರದು. ಹೋದ ವರ್ಷ ಏಪ್ರಿಲಿನಲ್ಲಿ ಎರಡು ಮರಿ ಬಂದವು, ಒಂದು ಗಂಡು ಒಂದು ಹೆಣ್ಣು, ಅಂಗೈ ಮೇಲೆ ನಿಲ್ಲುವಷ್ಟು. ತಾಯಿಯನ್ನ ಹೆದ್ದಾರಿಯಲ್ಲಿ ಲಾರಿ ಹೊಡೆದಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮೈಗೆ ಗೋಣಿಚೀಲ ಹೊದ್ದು, ಒಂದು ಕಿಂಡಿಯಿಂದ ಕೈ ತೂರಿಸಿ ಬಾಟಲಿ ಹಾಲು ಕೊಡಬೇಕಾಗಿತ್ತು. ಗಂಡು ಮರಿ ಬಾಟಲಿ ಕಚ್ಚಿ ಎಳೆದು ಕುಡೀತಿತ್ತು. ಹೆಣ್ಣಿಗೆ ಭೇದಿ. ಮೂರನೇ ಭಾನುವಾರ ಮಧ್ಯಾಹ್ನ ಕಾವಲಿನ ಆವಲಪ್ಪ ಊಟಕ್ಕೆ ಹೋಗಿದ್ದ, ನರೇಂದ್ರ ಔಷಧಿಗೆ ಅಂತ ಪೇಟೆಗೆ ಹೋಗಿದ್ದರು. ಬಾಟಲಿ ಬಾಯಿಗೆ ಮುಟ್ಟಿಸಿದರೆ ಹಾಲು ಪಕ್ಕದಿಂದ ಸೋರಿಹೋಗುತ್ತಿತ್ತು. ಅದರ ಕತ್ತು ಬಿದ್ದುಹೋಗಿತ್ತು, ಬಿಸಿಲಿಗೆ ಬಾಡಿದ ಸೊಪ್ಪಿನ ಕಟ್ಟಿನ ಹಾಗೆ. ಆಗ ಚಲಪತಿಯ ಬಾಯಿಂದ, ಅವನನ್ನ ಕೇಳದೇನೇ, ಅಮ್ಮನ ಮಾತು ಬಂತು. 'ಏಮಮ್ಮಾ, ತಿಂಟಿವಾ?' ಊಟ ಆಯ್ತೇನಮ್ಮ ಅನ್ನೋದು ಅಷ್ಟೇ. ಜಾನಕಮ್ಮ ದಿನಾ ಹೊಸಿಲಿನಲ್ಲಿ ನಿಂತು ಕೇಳುತ್ತಿದ್ದ ಮಾತು. ಮರಿಯ ಕಿವಿ ಅಲ್ಲಾಡಿತು. ಇನ್ನೊಂದು ಸಲ ಅಂದ. ಅದು ನಾಲಿಗೆ ಚಾಚಿತು. ಆ ಮಧ್ಯಾಹ್ನ ಅರ್ಧ ಬಾಟಲಿ ಒಳಗೆ ಹೋಯಿತು, ಚಲಪತಿ ಅರ್ಧ ಗಂಟೆ ಪಿಸುಗುಟ್ಟಿದ್ದ. ಬದುಕಿದ್ದು ಮಾತಿನಿಂದಲೋ ಹಿಂದಿನ ದಿನ ಕೊಟ್ಟ ಔಷಧಿಯಿಂದಲೋ ದೇವರಿಗೇ ಗೊತ್ತು. ಮಾತಿನಿಂದ ಅಂತಲೇ ಅವನು ಅಂದುಕೊಂಡ. ಹಾಗೆ ಅಂದುಕೊಂಡದ್ದರಿಂದ ಮುಂದಿನ ಭಾನುವಾರದ್ದು ತಪ್ಪು ಅಂತ ಅನ್ನಿಸಲಿಲ್ಲ, ಅದರ ಮುಂದಿನದೂ ಅನ್ನಿಸಲಿಲ್ಲ, ಆಮೇಲೆ ಎಣಿಸೋದನ್ನೇ ಬಿಟ್ಟ.

ಮರಿಗಳು ಬೆಳೆದು, ಬಂಡೆ, ಕಾರೆಮುಳ್ಳು, ಲಂಟಾನ ಎಲ್ಲ ಇರುವ ದೊಡ್ಡ ತಂತಿಬೇಲಿಯ ಆವರಣಕ್ಕೆ ಹೋದವು. ಬೇಲಿಗೆ ಒತ್ತಿ ಒಂದು ಮರೆ ಗುಡಿಸಲು. ಅದರಲ್ಲಿ ಕೂತು ಕಿಂಡಿಯಿಂದ ನೋಡುತ್ತಾ, ಎಷ್ಟು ಹೊತ್ತಿಗೆ ಮಲಗಿದವು, ಎಷ್ಟು ಹೊತ್ತಿಗೆ ಎದ್ದವು ಅಂತ ಬರೆಯೋದು ಚಲಪತಿಯ ಕೆಲಸ. ಗಂಡು ದೂರದ ಬಂಡೆಯ ನೆರಳು ಬಿಟ್ಟು ಬರುತ್ತಿರಲಿಲ್ಲ. ಹೆಣ್ಣು ಬರುತ್ತಿತ್ತು. ಗುಡಿಸಲಿನ ಸೋಗೆಗೆ ಬೆನ್ನು ತಾಗಿಸಿ ಮಲಗುತ್ತಿತ್ತು, ನಡುವೆ ತಂತಿ, ಅವನಿಗೂ ಅದಕ್ಕೂ ಒಂದು ಮೊಳ. ಅವನು ತಗ್ಗಿದ ದನಿಯಲ್ಲಿ, ತೆಲುಗು ಕನ್ನಡ ಕಲೆಸಿ, ವಾರದ ವರದಿ ಒಪ್ಪಿಸುತ್ತಿದ್ದ. ದೊಡ್ಡ ಸಂಗತಿ ಏನೂ ಅಲ್ಲ. ಹುಳಿಗೆ ಉಪ್ಪು ಜಾಸ್ತಿ ಆದದ್ದು, ಸುನೀಲ್‌ಕುಮಾರನ ಹೊಸ ಹಲ್ಲು, ತುಟಿ ಅಲ್ಲಾಡಿಸಿದ್ದನ್ನ ಫೋನಿನಲ್ಲಿ ತೋರಿಸಿದ್ದು, ಅವತ್ತು ತಾನು ನಕ್ಕದ್ದು, ನಕ್ಕು ಕಕ್ಕಸಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತದ್ದು. ಇದನ್ನ ಪದ್ಮಶ್ರೀಗೂ ಹೇಳಿರಲಿಲ್ಲ. ತೋಳ ಒಂದು ಸಲ ಆಕಳಿಸುತ್ತಿತ್ತು. ಪುಸ್ತಕದಲ್ಲಿ ಅವನು ಬರೆಯುತ್ತಿದ್ದ: ಹನ್ನೊಂದು ಗಂಟೆ, ಹೆಣ್ಣು, ನೆರಳಿನಲ್ಲಿ ವಿಶ್ರಾಂತಿ. ಸುಳ್ಳೇನಲ್ಲ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ಹುಡುಗ ಹುಡುಗಿಯರು ಕಿಸಕ್ಕೆಂದರೆ ಸಾಕು, ನರೇಂದ್ರ ಅವನ ಕಡೆ ಕೈ ತೋರಿಸುತ್ತಿದ್ದರು. ಚಲಪತಿ ಅವರನ್ನ ನೋಡಿ ಕಲೀರಿ, ಹತ್ತು ತಿಂಗಳಲ್ಲಿ ಒಂದು ಅಕ್ಷರ ಆಡಿಲ್ಲ, ಅನ್ನುತ್ತಿದ್ದರು. ಆ ಹುಡುಗರು ಅವನನ್ನ ಗೌರವದಿಂದ ನೋಡುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ, ಅದನ್ನೂ ಅವರು ವಿನಯ ಅಂದುಕೊಳ್ಳುತ್ತಿದ್ದರು.

ನಗರಗೆರೆಯಲ್ಲಿ ಆವಲಪ್ಪ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಅರವತ್ತು ದಾಟಿದವನು, ಇಡೀ ವಯಸ್ಸೆಲ್ಲ ಕುರಿ ಕಾದು, ಮಂಡಿ ಕೈಕೊಟ್ಟ ಮೇಲೆ ಧಾಮದ ಕಾವಲಿಗೆ ಸೇರಿದವನು. ಇವತ್ತು ಅವನೂ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಡಾಕ್ಟರಮ್ಮ ಆಗಲೇ ಜೀಪಲ್ಲಿ ಬಂದವ್ರೆ, ತೋಳಗಳು ಪರೀಕ್ಷೆ ಪಾಸಾದರೆ ಗುರುವಾರ ಎರಡನ್ನೂ ಕಾಡಿಗೆ ಬಿಟ್ಬಿಡ್ತಾರಂತೆ, ಅಂತ ದಾರಿಯುದ್ದಕ್ಕೂ ಹೇಳುತ್ತಾ ಬಂದ. ಹಿಂದೆ ಕೂತ ಚಲಪತಿಗೆ ಗಾಳಿಯಲ್ಲಿ ಅರ್ಧ ಮಾತು ಕೇಳಿಸುತ್ತಿತ್ತು. ಆವಲಪ್ಪನ ಅಪ್ಪ ತೋಳದ ಬಾಯಿ ಕಟ್ಟುವವನಂತೆ. ಹಗ್ಗಕ್ಕೆ ಮಂತ್ರ ಹಾಕಿ ಗಂಟು ಬಿಗಿದರೆ ಆ ಗಂಟು ಬಿಚ್ಚೋತನಕ ತೋಳ ಕುರಿಗೆ ಬಾಯಿ ಹಾಕ್ತಿರಲಿಲ್ಲವಂತೆ, ಆದರೆ ಕಟ್ಟಿದವನೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕಂತೆ. 'ನಮ್ಮಪ್ಪನ ಕೈಲಿ ಅದೊಂದು ಆಗ್ತಿರಲಿಲ್ಲ ಸಾರ್, ಒಂದು ಬೀಡಿ ಕೊಟ್ರೆ ಮಾತು ಶುರು, ಅದಕ್ಕೇ ನಮ್ಮ ಮಂದೇಲಿ ವರ್ಷಕ್ಕೆ ಮೂರು ಕುರಿ ಹೋಗ್ತಿದ್ವು' ಅಂತ ನಕ್ಕ. ಚಲಪತಿಯೂ ನಕ್ಕು, ಹಾಗೇ ಸುಮ್ಮನೆ ಅನ್ನುವ ಹಾಗೆ ಕೇಳಿದ. ಬಿಟ್ಟ ತೋಳ ಎಲ್ಲಾದರೂ ಮನುಷ್ಯರ ಹತ್ತಿರ ಬಂದರೆ ಏನಪ್ಪ ಗತಿ? ಆವಲಪ್ಪ ಬೈಕು ನಿಧಾನ ಮಾಡಿದ. ನಗು ನಿಂತಿತ್ತು.

'ಓಡೋ ತೋಳನ ಯಾರೂ ಏನೂ ಮಾಡಲ್ಲ ಸಾರ್, ಒಂದು ಕಲ್ಲು ಬೀಸ್ತಾರೆ, ಅದರ ಪಾಡಿಗೆ ಅದು ಹೋಗ್ತದೆ. ಹತ್ರ ಬರೋ ತೋಳ ಅಂದ್ರೆ ಹುಚ್ಚು ಹಿಡಿದದ್ದು. ನಾಯಿ ಹುಚ್ಚು ಅದಕ್ಕೂ ಬರ್ತದಲ್ಲ. ಅದು ಬಾಲ ಅಲ್ಲಾಡಿಸ್ಕೊಂಡು ಬಂದ್ರೂ ಅಷ್ಟೇ. ದೊಣ್ಣೆ ತಗೊಂಡು ಅಲ್ಲೇ ಮುಗಿಸ್ತಾರೆ. ನಾನೇ ಒಂದು ಮುಗಿಸಿದೀನಿ, ಯಾರಿಗೂ ಹೇಳಬೇಡಿ.'

ಬೈಕು ಮತ್ತೆ ವೇಗ ತಗೊಂಡಿತು. ಎರಡೂ ಕಡೆ ಜೋಳ ಕೊಯ್ದ ಹೊಲ, ಅದರಾಚೆ ಕಲ್ಲುಗುಡ್ಡ, ಗುಡ್ಡದ ಮಗ್ಗುಲಲ್ಲಿ ಬಿಳಿ ಚುಕ್ಕೆ ಹರಡಿದಂತೆ ಕುರಿಮಂದೆ. ಕುರಿಯವನು ತಪ್ಪಿಸಿಕೊಂಡ ಮರಿಯೊಂದನ್ನ ಕರೆಯುತ್ತಿದ್ದ. ಗಾಳಿಯಲ್ಲಿ ಮಾತು ತಿಳಿಯಲಿಲ್ಲ, ರಾಗ ಮಾತ್ರ ಬಂತು. ರಾ ಅಮ್ಮಾ, ರಾ, ಬಾರಮ್ಮ ಅನ್ನೋ ಹಾಗೆ, ಕೊನೆಯಲ್ಲಿ ಎಳೆದು ಇಳಿಸುವ ರಾಗ. ಅದು ಜಾನಕಮ್ಮನ ರಾಗ. ಈ ಸೀಮೆಯಲ್ಲಿ ಯಾರು ಯಾರನ್ನ ಪ್ರೀತಿಯಿಂದ ಕರೆದರೂ ಇದೇ ರಾಗ. ತಾನು ಹತ್ತು ತಿಂಗಳು ಆ ತೋಳಕ್ಕೆ ಕಲಿಸಿದ್ದು ತನ್ನ ದನಿಯನ್ನಲ್ಲ, ಇಡೀ ಸೀಮೆಯ ದನಿಯನ್ನ. ದೊಣ್ಣೆ ಹಿಡಿದ ಯಾರು ಬೇಕಾದರೂ ಹೀಗೆ ಕರೀಬಹುದು, ತೋಳವನ್ನೇ ಕರೀಬೇಕಾಗಿಲ್ಲ, ಕುರಿಮರಿಯನ್ನ ಕರೆದರೂ ಸಾಕು.

ಡಾಕ್ಟರು ಸಂಘಮಿತ್ರ ಮೂವತ್ತೈದರ ಹೆಂಗಸು, ಕಾಡುಪ್ರಾಣಿಗಳ ವೈದ್ಯೆ, ಮಾತು ಕಡಮೆ. ನರೇಂದ್ರ ಆಕೆಗೆ ಚಲಪತಿಯ ಪರಿಚಯ ಮಾಡಿಕೊಡುವಾಗ ಅದೇ ಹಳೇ ಹೊಗಳಿಕೆ ಶುರುಮಾಡಿದರು. ಆಕೆ ಪೂರ್ತಿ ಕೇಳಿಸಿಕೊಂಡು, ಥ್ಯಾಂಕ್ಸ್ ಸರ್, ಅಂದರು. ಆ ಒಂದು ಮಾತಿಗೆ ಕೈಯ ಬೆವರು ಚಲಪತಿ ಪ್ಯಾಂಟಿಗೆ ಒರೆಸಿಕೊಂಡ. ಪರೀಕ್ಷೆ ಅಂದರೆ ಇಷ್ಟೇ. ಮರಿಗಳು ಹಿಂದೆಂದೂ ಕಾಣದ ಒಬ್ಬ ಮನುಷ್ಯ ಬೇಲಿಯುದ್ದಕ್ಕೂ ನಡೆಯಬೇಕು, ನಿಲ್ಲಬೇಕು, ಮಾತಾಡಬೇಕು. ತೋಳ ಓಡಬೇಕು, ಓಡಿ ಮರೆಯಲ್ಲಿ ನಿಲ್ಲಬೇಕು. ಆಕೆಯ ಜೀಪಿನ ಡ್ರೈವರು ನಡೆದ. ಮಿಕ್ಕವರು ಮರೆ ಗುಡಿಸಲಲ್ಲಿ ಉಸಿರು ಹಿಡಿದು ಕೂತರು. ಡ್ರೈವರು ಮಂಡ್ಯದವನು, ತನ್ನ ಊರಿನ ಧಾಟಿಯಲ್ಲಿ, ಏನ್ಲಾ ಬಾರ್ಲಾ ಅಂತ ಏನೇನೋ ಕರೆದ, ಸಿಳ್ಳೆ ಹಾಕಿದ. ಗಂಡು ಮೊದಲೇ ಮಾಯವಾಗಿತ್ತು. ಹೆಣ್ಣು ಒಂದು ಸಲ ತಲೆ ಎತ್ತಿ ನೋಡಿ, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಬಗ್ಗಿ, ಲಂಟಾನದ ಒಳಗೆ ನುಸುಳಿಬಿಟ್ಟಿತು. ಓಡಿದ್ದಾದರೂ ಹೇಗೆ! ಚಲಪತಿಯ ಎದೆಯಲ್ಲಿ ಏನೋ ಬಿಡಿಸಿಕೊಂಡ ಹಾಗಾಯಿತು. ಅಂದರೆ ಅವಳಿಗೆ ಭಯ ಗೊತ್ತು. ಅವಳಿಗೆ ಹೊರಗಿನವನಲ್ಲದವನು ತಾನೊಬ್ಬನೇ, ಅಷ್ಟೇ. ಅದೊಂದು ಹೆಮ್ಮೆಯ ಹಾಗೂ ಇತ್ತು, ಆ ಹೆಮ್ಮೆ ಅಲ್ಲೇ ನಾಚಿಕೆಯೂ ಆಯಿತು. ಮೂರು ಸಲ ನಡೆಸಿದರು, ಮೂರು ಸಲವೂ ಅಷ್ಟೇ. ಸಂಘಮಿತ್ರ ಕಾಗದದಲ್ಲಿ ಟಿಕ್ ಹಾಕಿದರು.

ಆಫೀಸು ಅಂತ ಕರೆಯುವ ತಗಡಿನ ಕೋಣೆಯಲ್ಲಿ ಆವಲಪ್ಪ ಟೀ ಕಾಸಿದ. ನರೇಂದ್ರರ ಮುಖದಲ್ಲಿ ಹತ್ತು ವರ್ಷ ಇಳಿದುಹೋಗಿತ್ತು. ನಿವೃತ್ತಿಯ ಮೇಲೆ ಮನೆಯವರ ಬೈಗುಳ ತಿಂದು ಕಟ್ಟಿದ ಜಾಗ ಇದು, ಇಲ್ಲಿಂದ ಕಾಡಿಗೆ ಹೋಗುವ ಮೊದಲ ತೋಳಗಳು ಇವು. ಅವರು ಹೇಳುತ್ತಲೇ ಇದ್ದರು. ಸಂಘಮಿತ್ರ ಕಾಗದ ತಿರುಗಿಸಿ, ಕೊನೆಯದು ಒಂದು ಸಹಿ, ಸಾಕಿದ ಅಷ್ಟೂ ಕಾಲ ಇವುಗಳ ಕಿವಿಗೆ ಮನುಷ್ಯರ ಮಾತು ಬಿದ್ದಿಲ್ಲ ಅಂತ ಸ್ವಯಂಸೇವಕರ ಪರವಾಗಿ ಯಾರಾದರೂ ಹಾಕಬೇಕು, ಅಂದರು. ಇನ್ಯಾರು, ಚಲಪತಿಯವರೇ ಹಾಕಲಿ, ಅಂತ ನರೇಂದ್ರ ತಮ್ಮ ಜೇಬಿನ ಪೆನ್ನನ್ನೇ ತೆಗೆದು ಕ್ಯಾಪು ಬಿಚ್ಚಿ ಕೊಟ್ಟರು.

ಪೆನ್ನು ಕೈಗೆ ಬಂತು. ಸಹಿ ಮಾಡೋದು ಚಲಪತಿಗೆ ಹೊಸದೇನಲ್ಲ, ಕಣ್ಣು ಮುಚ್ಚಿಕೊಂಡು ದಿನಕ್ಕೆ ನೂರು ಮಾಡುತ್ತಾನೆ. ಹಾಕಿದರೆ ಹೆಣ್ಣು ತೋಳ ಗುರುವಾರ ಕಾಡಿಗೆ. ಒಡಹುಟ್ಟಿದ ಅಣ್ಣನ ಜೊತೆ. ಅಲ್ಲಿಂದಾಚೆಗೆ ಏನಾಯಿತು ಅಂತ ಯಾರಿಗೂ ತಿಳಿಯೋದಿಲ್ಲ, ಎಲ್ಲೋ ಒಂದು ಬೆಳಿಗ್ಗೆ ಗುಡ್ಡದ ಮಗ್ಗುಲಲ್ಲಿ ಯಾರೋ ಕುರಿಮರಿಯನ್ನ ಕರೆದಾಗ ಅವಳು ಕಿವಿ ಎತ್ತಬಹುದು, ಎತ್ತದೆಯೂ ಇರಬಹುದು. ಹಾಕದಿದ್ದರೆ ಅವಳೊಬ್ಬಳೇ ಯಾವುದೋ ಮೃಗಾಲಯದ ಸಿಮೆಂಟು ನೆಲದ ಮೇಲೆ, ಜೀವ ಇರೋತನಕ, ಬೇಲಿಯಾಚೆ ಮಾತಾಡುವ ಜನರ ಜಾತ್ರೆ. ಅವಳಿಗೆ ಮಾತು ಇಷ್ಟ ಅಲ್ಲವಾ, ಅಂತ ಒಳಗೊಂದು ದನಿ ಕುಹಕವಾಡಿತು. ಮತ್ತೆ ತಾನು? ನೋಡಿ ಕಲೀರಿ ಅನ್ನಿಸಿಕೊಂಡವನು. ನಾಳೆಯಿಂದ ಭಾನುವಾರಗಳಿಗೆ ಏನು ಮಾಡೋದು? ಟೀ ತಣ್ಣಗಾಗುತ್ತಿತ್ತು. ಸರ್ ಇಲ್ಲಿ, ಅಂತ ಸಂಘಮಿತ್ರ ಬೆರಳಿಟ್ಟು ತೋರಿಸಿದರು, ಅವನಿಗೆ ಜಾಗ ಕಾಣುತ್ತಿಲ್ಲ ಅಂದುಕೊಂಡು.

'ನಾನು ಮಾತಾಡಿದೀನಿ ಮೇಡಂ.'

ನರೇಂದ್ರ ನಕ್ಕುಬಿಟ್ಟರು. ಯಾವತ್ತಾದರೂ ಕೆಮ್ಮಿರಬೇಕು ಕಣ್ರೀ, ಇವರಿಗೆ ಅದೂ ಪಾಪ, ಅಂದರು. ಸಂಘಮಿತ್ರ ನಗಲಿಲ್ಲ. ಎಷ್ಟು ಸಲ ಅಂತ ಕೇಳಿದರು. ಪ್ರತಿ ಭಾನುವಾರ ಅಂದ. ಏನಂತ ಕೇಳಿದರೆ, ಊಟ ಆಯ್ತಾ ಅಂತ, ಆಮೇಲೆ ಹೀಗೇ ಮನೆ ಕಡೆ ಮಾತು ಅಂದ. ಹೇಳುತ್ತಾ ಹೋದ ಹಾಗೆ ಅದು ಎಷ್ಟು ಸಣ್ಣದಾಗಿ, ಎಷ್ಟು ಪೆದ್ದಾಗಿ ಕೇಳಿಸುತ್ತಿದೆ ಅಂತ ಅವನ ಕಿವಿಗೇ ಗೊತ್ತಾಗುತ್ತಿತ್ತು. ಒಬ್ಬ ಕಳ್ಳನಿಗಾದರೂ ಒಂದು ಮರ್ಯಾದೆ ಇರುತ್ತೆ. ಹುಳಿಗೆ ಉಪ್ಪು ಜಾಸ್ತಿ ಆದದ್ದನ್ನ ತೋಳದ ಹತ್ತಿರ ಹೇಳಿಕೊಂಡವನಿಗೆ ಏನಿರುತ್ತೆ? ಆವಲಪ್ಪ ಟೀ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಿದ್ದ. ನರೇಂದ್ರರ ನಗು ಮುಖದ ಮೇಲೆ ಉಳಿದಿತ್ತು, ಆದರೆ ಅದರ ಹಿಂದೆ ಯಾರೂ ಇರಲಿಲ್ಲ. ಸಂಘಮಿತ್ರ ಎದ್ದರು. 'ಬನ್ನಿ ಸರ್. ಕರೀರಿ, ನೋಡೋಣ.'

ಬೇಲಿಯವರೆಗೆ ಇನ್ನೂರು ಹೆಜ್ಜೆ. ಅವನನ್ನ ಬಯಲಿನಲ್ಲಿ ಬೇಲಿಗೆ ಮುಖ ಮಾಡಿ ನಿಲ್ಲಿಸಿ ಮಿಕ್ಕವರು ಗುಡಿಸಲಿಗೆ ಹೋದರು. ಬಿಸಿಲು ನೆತ್ತಿಗೆ ಏರುತ್ತಿತ್ತು. ಆವರಣದ ಒಳಗೆ ಒಂದು ಎಲೆಯೂ ಅಲ್ಲಾಡಲಿಲ್ಲ. ಬಾಯಿ ತೆಗೆದಾಗ ಯಾವ ದನಿ ಬರುತ್ತೆ ಅಂತ ತನಗೇ ಗೊತ್ತಿರಲಿಲ್ಲ ಅಂತ ಆಮೇಲೆ ಹೇಳಿಕೊಳ್ಳಬಹುದಾಗಿತ್ತು. ಆದರೆ ಗೊತ್ತಿತ್ತು. ಕಾಲು ಅಗಲಿಸಿ, ಹೊಟ್ಟೆ ಬಿಗಿಹಿಡಿದು, ಚಲಪತಿ ಕೂಗಿದ. ಹರಾಜುಕಟ್ಟೆಯ ಕೂಗು. ಅದರಲ್ಲಿ ಮನೆಮಾತಿನ ರಾಗ ಇರಲಿಲ್ಲ, ಬರೀ 'ಬನ್ನಿ ಬನ್ನಿ ಬನ್ನಿ' ಅನ್ನುವ ಗಂಟೆ. ಎಷ್ಟು ವರ್ಷ ಆಗಿತ್ತು! ಅದು ಎದೆಯ ಗೂಡಿನಿಂದ ತುಕ್ಕು ಉದುರಿಸಿಕೊಂಡು ಎದ್ದು, ಗುಡ್ಡಕ್ಕೆ ಬಡಿದು, ದುಪ್ಪಟ್ಟಾಗಿ ಹಿಂದಕ್ಕೆ ಬಂತು. ಎಲ್ಲೋ ಗೌಜಲ ಹಕ್ಕಿಗಳು ಬುರ್ರನೆ ಎದ್ದವು. ದೂರದ ಹೊಲದಲ್ಲಿ ಯಾರೋ ಸೊಂಟ ನೆಟ್ಟಗೆ ಮಾಡಿ ಈ ಕಡೆ ನೋಡಿದರು. ಲಂಟಾನದ ಒಳಗಿಂದ ಕಂದು ಬಣ್ಣದ ಗೆರೆ ಎಳೆದ ಹಾಗೆ ಎರಡೂ ತೋಳಗಳು ಸಿಡಿದು, ಆವರಣದ ಕೊಟ್ಟಕೊನೆಯ ಮೂಲೆಗೆ ಓಡಿಹೋದವು. ಅವನ ಕಣ್ಣು ತುಂಬಿಕೊಂಡಿತು. ದುಃಖಕ್ಕಲ್ಲ. ಇಷ್ಟು ಚೆನ್ನಾಗಿ ಅವನು ಯಾವತ್ತೂ ಕೂಗಿರಲಿಲ್ಲ.

ನರೇಂದ್ರ ಗುಡಿಸಲಿನಿಂದ ಹೆಚ್ಚುಕಡಮೆ ಓಡಿಬಂದರು. ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. ನಿಮ್ಮ ಸಂಕೋಚಕ್ಕೆ ಇಷ್ಟು ಹೆದರಿಸಿಬಿಟ್ರಲ್ರೀ, ಅದೇನು ಗಂಟಲು ನಿಮ್ಮದು, ಸತ್ತವರೂ ಎದ್ದು ಓಡಬೇಕು, ಅಂತ ನಗುತ್ತಾ, ಬೈಯುತ್ತಾ, ಪೆನ್ನನ್ನ ಮತ್ತೆ ಅವನ ಕೈಗೆ ತುರುಕಿದರು. ಹಿಂದೆಯೇ ಬಂದ ಆವಲಪ್ಪ, 'ನಮ್ಮಪ್ಪನಿಗೆ ಈ ದನಿ ಇದ್ದಿದ್ರೆ ಮಂತ್ರಾನೇ ಬೇಕಿರ್ಲಿಲ್ಲ ಸಾರ್' ಅಂದ. ಸಂಘಮಿತ್ರರ ಮುಖವೂ ಸಡಿಲವಾಗಿತ್ತು, ಕಾಗದ ಮುಂದೆ ಹಿಡಿದಿದ್ದರು. ಎಲ್ಲ ಸಿಕ್ಕಿಬಿಟ್ಟಿತ್ತು. ಅವಳಿಗೆ ಕಾಡು, ನರೇಂದ್ರರಿಗೆ ಗೆಲುವು, ತನಗೆ ದನಿ, ಅದರ ಮೇಲೆ ತಪ್ಪು ಒಪ್ಪಿಕೊಂಡವನು ಅನ್ನುವ ಹೆಸರು. ಒಂದು ಸಹಿ ಮಾತ್ರ ಬಾಕಿ. ಮೂಲೆಯಲ್ಲಿ, ಬಂಡೆಯ ಪಕ್ಕ, ಹೆಣ್ಣು ತೋಳ ನಿಂತು ಈ ಕಡೆಯೇ ನೋಡುತ್ತಿತ್ತು. ಅದರ ಪಕ್ಕೆ ಏಳುತ್ತಾ ಬೀಳುತ್ತಾ ಇದ್ದದ್ದು ಇಲ್ಲಿಂದಲೇ ಕಾಣುತ್ತಿತ್ತು. ಹೆದರಿದ್ದಳು. ಇಷ್ಟು ದಿನ ತನ್ನ ಮಗ್ಗುಲಲ್ಲಿ ಮಲಗಿದವಳಿಗೆ, ಹೆದರಿಸಿದವನು ಯಾರು ಅಂತಲೂ ಗೊತ್ತಿರಲಿಲ್ಲ.

ಚಲಪತಿ ಪೆನ್ನನ್ನ ನರೇಂದ್ರರಿಗೆ ವಾಪಸು ಕೊಟ್ಟ. ಇದಲ್ಲ ಸಾರ್ ನಾನು ಮಾತಾಡ್ತಿದ್ದದ್ದು, ಅಂದ. ಅವರಿಗೆ ಅರ್ಥ ಆಗಲಿಲ್ಲ. ಅವನು ಅವರನ್ನ ದಾಟಿಕೊಂಡು ಹೋಗಿ, ಮರೆ ಗುಡಿಸಲಿನ ಒಳಗೆ, ಪ್ರತಿ ಭಾನುವಾರ ಕೂರುವ ಜಾಗದಲ್ಲಿ, ಬೇಲಿಗೆ ಮುಖ ಹತ್ತಿರ ಮಾಡಿ ಕುಕ್ಕರಗಾಲಲ್ಲಿ ಕೂತ. ಸಂಘಮಿತ್ರ ಸದ್ದಿಲ್ಲದೆ ಬಂದು ಹಿಂದೆ ನಿಂತರು. ನರೇಂದ್ರ ಬಾಗಿಲಲ್ಲೇ ನಿಂತರು, ಬೇಡ ಅನ್ನುವ ಹಾಗೆ ಕೈ ಅರ್ಧ ಎತ್ತಿದ್ದರು.

'ಏಮಮ್ಮಾ' ಅಂದ ಚಲಪತಿ. 'ತಿಂಟಿವಾ?'

ಬಹಳ ಹೊತ್ತು ಏನೂ ಆಗಲಿಲ್ಲ. ಬರಬೇಡ ಅಂತ ಅವನು ಬೇಡಿಕೊಳ್ಳುತ್ತಿದ್ದ, ಬರದಿದ್ದರೆ ಹೇಗೆ ತಡಕೊಳ್ಳೋದು ಅಂತಲೂ ಅದೇ ಉಸಿರಿನಲ್ಲಿ ಯೋಚಿಸುತ್ತಿದ್ದ. ಮತ್ತೆ ಅಂದ. ಬಂಡೆಯ ಹತ್ತಿರ ಎರಡು ಕಿವಿ ಎದ್ದು, ಒಂದು ಹಿಂದಕ್ಕೆ ತಿರುಗಿತು, ಮತ್ತೆ ಮುಂದಕ್ಕೆ ಬಂತು. ಅವಳು ಇಳಿದು ಬಂದಳು. ಓಡಿ ಬರಲಿಲ್ಲ, ನಿಂತು ನಿಂತು, ನೆಲ ಮೂಸುತ್ತಾ, ಯಾವುದೋ ಕೆಲಸಕ್ಕೆ ಹೊರಟವಳು ದಾರಿಯಲ್ಲಿ ಹೀಗೇ ನೋಡಿಕೊಂಡು ಹೋಗೋಣ ಅಂತ ಬಂದ ಹಾಗೆ. ಅಣ್ಣ ಮೂಲೆಯಿಂದ ಕದಲಲಿಲ್ಲ. ಬೇಲಿಯ ಹತ್ತಿರ ಬಂದು ಒಂದು ಸುತ್ತು ತಿರುಗಿ, ತಂತಿಗೆ ಬೆನ್ನು ಒತ್ತಿ, ಉಸ್ಸೆಂದು ಮಲಗಿದಳು. ತಂತಿಯ ಕಣ್ಣುಗಳಿಂದ ಬೆನ್ನಿನ ಕೂದಲು ಈಚೆಗೆ ಚಾಚಿಕೊಂಡವು. ಚಲಪತಿ ಹಿಂತಿರುಗಿ ನೋಡಲಿಲ್ಲ. ನರೇಂದ್ರರ ಚಪ್ಪಲಿ ಸದ್ದು ಗುಡಿಸಲಿನಿಂದ ದೂರ ಹೋಗುತ್ತಾ ಕೇಳಿಸಿತು. ಅವರು ನಿಲ್ಲಲಿಲ್ಲ.

'ಮಾತಾಡ್ತಾ ಇರಿ ಸರ್' ಅಂದರು ಸಂಘಮಿತ್ರ, ಕಿವಿಯ ಹತ್ತಿರ ಬಗ್ಗಿ. ಕೈಯಲ್ಲಿ ಗಡಿಯಾರ ಹಿಡಿದಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾದದ್ದು. 'ಎಷ್ಟು ಹೊತ್ತು ಇರ್ತಾಳೆ ಅಂತ ವರದಿಯಲ್ಲಿ ಬರೀಬೇಕು. ಇನ್ನೊಂದು ಹತ್ತು ನಿಮಿಷ.'

ಅವನು ಮಾತಾಡಿದ. ಬೆಳಿಗ್ಗೆ ಬಸ್ಸಿನಲ್ಲಿ ಅತ್ತ ಕೂಸಿನ ಸಂಗತಿ ಹೇಳಿದ. ಪದ್ಮಶ್ರೀ ಮಾಡಿಕೊಟ್ಟ ಚಟ್ನಿ ಹಳಸಿತ್ತೇನೋ ಅಂತ ಹೇಳಿದ. ಒಂದೊಂದು ಮಾತಿಗೂ ಗಡಿಯಾರ ಮುಂದೆ ಹೋಗುತ್ತಿತ್ತು, ಅವಳ ಮೇಲೆ ಒಂದೊಂದು ಸಾಲು ಬರೆಯುತ್ತಿತ್ತು. ಹೋಗು ಅನ್ನಬೇಕು ಅನ್ನಿಸಿತು. ಆದರೆ ಹೋಗು ಅನ್ನುವುದನ್ನ ಅವನು ಅವಳಿಗೆ ಯಾವತ್ತೂ ಹೇಳಿರಲಿಲ್ಲ, ಈ ದನಿಯಲ್ಲಿ ಹೇಳಿದರೆ ಅದೂ ಅವಳಿಗೆ ಬಾ ಅಂದ ಹಾಗೇ ಕೇಳಿಸುತ್ತಿತ್ತು. ನಾಲ್ಕನೇ ನಿಮಿಷಕ್ಕೋ ಐದಕ್ಕೋ ಅವನ ಹತ್ತಿರ ಹೇಳೋದಕ್ಕೆ ಏನೂ ಉಳಿಯಲಿಲ್ಲ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಕೇಳಿಸಿದವನು ಬಾಯಿ ಮುಚ್ಚಿದ. ಗುಡಿಸಲಿನಲ್ಲಿ ಗಡಿಯಾರದ್ದೊಂದೇ ಸದ್ದು. ಅವಳ ಕಿವಿ ಹಿಂದಕ್ಕೆ, ಅವನ ಕಡೆಗೆ ತಿರುಗಿತು. ಆಮೇಲೆ ತಲೆ ಎತ್ತಿ, ಕತ್ತು ಹೊರಳಿಸಿ, ತಂತಿಯ ಆಚೆಯಿಂದ ಅವನ ಬಾಯಿಯನ್ನೇ ನೋಡುತ್ತಾ ಕಾದಳು.